ಸಿಮಿಗೆ ಹೋದರೆ ಸಂಜೆಯೇ ವಾಪಸ್ ಬರಬೇಡಿ

ಗ್ರೀಸ್‌ನ ರೋಡ್ಸ್ ದ್ವೀಪದಲ್ಲಿ ನಾಲ್ಕು ದಿನ ಇರುತ್ತೇವೆ, ಪಕ್ಕದ ಸಿಮಿ ದ್ವೀಪದ ಬಂದರನ್ನು ಬೆಳಗ್ಗೆ ಹೋಗಿ ಸಂಜೆಯೊಳಗೆ ನೋಡಿ ಬಂದರೆ ಸಾಕಾ, ಜೊತೆಗೆ ಸಸ್ಯಾಹಾರಿ ಅಮ್ಮ ಇದ್ದಾರೆ ಅಂತ ಕೇಳಿದ್ದೀರಿ.

ಸಾಕಾಗುವುದಿಲ್ಲ. ಒಂದು ರಾತ್ರಿಯಾದರೂ ಉಳಿಯಿರಿ. ಮೊದಲ ಸಲ ನಾನೂ ಟೂರ್ ದೋಣಿ ಹತ್ತಿದ್ದೆ. ಅದು ಮೊದಲು ದ್ವೀಪದ ಆ ತುದಿಯಲ್ಲಿರುವ ಪನೊರ್ಮಿಟಿಸ್ ಮಠಕ್ಕೆ ಹೋಗಿ, ಆಮೇಲೆ ಊರಿನ ಬಂದರಿಗೆ ಬಂತು. ಕೈಗೆ ಸಿಕ್ಕಿದ್ದು ಮೂರು ಗಂಟೆ, ಅದೂ ನಡುಮಧ್ಯಾಹ್ನ, ನನ್ನ ಹಾಗೆಯೇ ಬಂದಿಳಿದ ನೂರಾರು ಜನರ ಮಧ್ಯೆ. ಸುತ್ತ ಬೋಳು ಗುಡ್ಡ, ಬೇಸಿಗೆಯಲ್ಲಿ ಬಂದರು ಬಾಣಲೆಯ ಹಾಗೆ ಕಾಯುತ್ತದೆ. ಫೋಟೊ ತೆಗೆದೆ, ಐಸ್‌ಕ್ರೀಮ್ ತಿಂದೆ, ವಾಪಸ್ ಬಂದೆ.

ಎರಡನೇ ಸಲ ಎರಡು ರಾತ್ರಿ ಇದ್ದೆ. ಸಂಜೆ ಕೊನೆಯ ಟೂರ್ ದೋಣಿ ಹೊರಟಿದ್ದೇ ತಡ, ತಟ್ಟೆ ಲೋಟದ ಸದ್ದು ಕೂಡ ಕೇಳಿಸುವಷ್ಟು ಊರು ತಣ್ಣಗಾಯಿತು. ಗುಡ್ಡದ ಮೇಲೆ ಒಂದರ ನೆತ್ತಿಗೊಂದು ಕೂತ ಹಾಗೆ ಕೆನೆ, ಕಾವಿ, ಹಳದಿ ಬಣ್ಣದ ಮನೆಗಳು ನಿಮಗೆ ಫೋಟೊದಲ್ಲಿ ಕಂಡಿರುತ್ತವೆ. ಇಷ್ಟು ಚಿಕ್ಕ ಊರಿಗೆ ಇಷ್ಟೊಂದು ಶ್ರೀಮಂತ ಮನೆ ಯಾಕೆ ಅನಿಸುತ್ತದೆ, ಅಲ್ವಾ? ದೋಣಿ ಕಟ್ಟುವ ಕೆಲಸ, ಸಮುದ್ರದ ತಳದಲ್ಲಿ ಬೆಳೆಯುವ ಸ್ಪಂಜಿನ ದುಡ್ಡು. ಇಲ್ಲಿನ ಗಂಡಸರು ಚಪ್ಪಟೆ ಕಲ್ಲು ಹಿಡಿದು ಸಮುದ್ರಕ್ಕೆ ಹಾರಿ, ಅದರ ಭಾರಕ್ಕೇ ತಳ ಮುಟ್ಟಿ, ಒಂದೇ ಉಸಿರಲ್ಲಿ ಸ್ಪಂಜು ಕಿತ್ತು ತರುತ್ತಿದ್ದರು. 1860ರ ದಶಕದಲ್ಲಿ ಗಾಳಿ ಕೊಳವೆಯ ಸೂಟ್ ಬಂತು. ಕೆಳಗೆ ಜಾಸ್ತಿ ಹೊತ್ತು ಇರಬಹುದಾಯಿತು, ಆದರೆ ಗಡಿಬಿಡಿಯಲ್ಲಿ ಮೇಲೆ ಬಂದು ಸತ್ತವರು, ಕಾಲು ಸ್ವಾಧೀನ ಕಳೆದುಕೊಂಡವರು ಎಷ್ಟೋ. 1900ರಲ್ಲಿ ಆಂಟಿಕಿಥಿರಾ ದ್ವೀಪದ ಹತ್ತಿರ ಮುಳುಗಿದ್ದ ಪುರಾತನ ಹಡಗನ್ನು ಕಂಡವರೂ ಸಿಮಿಯ ಸ್ಪಂಜುಗಾರರೇ. ಗ್ರಹಣದ ಲೆಕ್ಕ ಹೇಳುತ್ತಿದ್ದ, ಆಂಟಿಕಿಥಿರಾ ಯಂತ್ರ ಅಂತ ಕರೆಯುವ ಪುರಾತನ ಹಲ್ಲುಚಕ್ರದ ಯಂತ್ರ ಸಿಕ್ಕಿದ್ದು ಅದೇ ಹಡಗಿನಲ್ಲಿ. ಅಥೆನ್ಸ್‌ಗೂ ಹೋಗುವುದಾದರೆ ಅಲ್ಲಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿ ನೋಡಬಹುದು. ಬಂದರಿನ ಅಂಗಡಿಗಳಲ್ಲಿ ಈಗಲೂ ಸ್ಪಂಜಿನ ರಾಶಿ ಇರುತ್ತದೆ, ಎಲ್ಲ ಇಲ್ಲಿನದೇ ಅಂದುಕೊಳ್ಳಬೇಡಿ.

ಇನ್ನೊಂದು ಪುಕ್ಕಟೆ ಮನರಂಜನೆ ಬೆಳಗ್ಗೆ. ಬಂದರು ಕಿರಿದು. ಹಾಯಿದೋಣಿಗಳು ನಡುವೆ ಲಂಗರು ಹಾಕಿ, ಹಿಂದಕ್ಕೆ ಸರಿದು, ಬೆನ್ನನ್ನು ದಡಕ್ಕೆ ಕೊಟ್ಟು ನಿಲ್ಲುತ್ತವೆ. ಎರಡೂ ದಡದಿಂದ ಹೀಗೇ ಮಾಡಿದರೆ ತಳದಲ್ಲಿ ಸರಪಳಿಗಳು ಒಂದರ ಮೇಲೊಂದು. ನಾನು ಕಾಫಿ ಹಿಡಿದು ಕೂತಿದ್ದಾಗ ಒಬ್ಬ ತನ್ನ ಲಂಗರು ಎತ್ತಿದರೆ ಎದುರು ದಡದವನ ಸರಪಳಿಯೂ ಕೆಸರು ಸುರಿಸುತ್ತಾ ಮೇಲೆ ಬಂತು. ಅವನು ಚಡ್ಡಿಯಲ್ಲೇ ಓಡಿ ಬಂದು ಕೂಗಾಡಿದ. ಕೊನೆಗೆ ಪುಟ್ಟ ದೋಣಿಯಲ್ಲಿ ಬಂದ ಊರಿನ ಮುದುಕನೊಬ್ಬ ಸರಪಳಿಯ ಕೆಳಗೆ ಹಗ್ಗ ತೂರಿಸಿ, ಒಂದು ಮಾತೂ ಆಡದೆ ಬಿಡಿಸಿ ಹೋದ.

ಅಮ್ಮನ ವಿಷಯ. ಮೇಲಿನ ಊರು ಹೊರಿಯೊಗೆ ಹೋಗುವ ಕಾಲಿ ಸ್ಟ್ರಾಟಾ ಅನ್ನುವ ದಾರಿ ಸುಮಾರು 500 ಮೆಟ್ಟಿಲು, ಅಂದರೆ ಚಾಮುಂಡಿ ಬೆಟ್ಟದ ಅರ್ಧ. ರೂಮು ಕೆಳಗೇ ಹಿಡಿಯಿರಿ, ಮೇಲೆ ನೋಡಲು ಬಸ್ಸಿದೆ. ದೊಡ್ಡ ಸೂಟ್‌ಕೇಸ್ ರೋಡ್ಸ್‌ನಲ್ಲೇ ಬಿಟ್ಟು ಹೋಗಿ. ಊಟಕ್ಕೆ ಫಾವಾ ಕೇಳಿ, ಗಟ್ಟಿ ತೊವ್ವೆಯ ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿದ ಹಾಗಿರುತ್ತದೆ. ಟೊಮೆಟೊ ಒಳಗೆ ಅನ್ನ ತುಂಬಿದ್ದೂ ಸಿಗುತ್ತದೆ, ಖೀಮಾ ಇಲ್ಲ ತಾನೇ ಅಂತ ಕೇಳಿಯೇ ಹೇಳಿ. ಆಲೂಗಡ್ಡೆ ಚಿಪ್ಸ್ ಮಾತ್ರ ಬೇಡ, ಸಿಮಿಯ ಹೆಸರುವಾಸಿ ಪುಟ್ಟ ಸಿಗಡಿಯನ್ನು ಕರಿದ ಎಣ್ಣೆಯೇ ಇರಬಹುದು. ಆ ಸಿಗಡಿ ನೀವು ತಿನ್ನುವುದಾದರೆ ಸಿಪ್ಪೆ ಸುಲಿಯಬೇಡಿ, ಗರಿಗರಿಯಾಗಿ ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವಂಥದ್ದು.

ಫೋನಿನಲ್ಲಿ ನೆಟ್‌ವರ್ಕ್ ನೀವೇ ಆರಿಸಿ ಇಡಿ. ಟರ್ಕಿಯ ಕರಾವಳಿ ಎದುರಿಗೇ ಇದೆ, ಫೋನು ಸುಮ್ನೆ ಆ ಕಡೆಗೆ ಜಿಗಿಯುತ್ತದೆ. ಬಿಲ್ ನೋಡಿ ನಾನು ಕಂಗಾಲಾಗಿದ್ದೆ.

ರೋಡ್ಸ್‌ನಿಂದ ದೋಣಿ ಒಂದು ಗಂಟೆ ಆಸುಪಾಸು. ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಗಾಳಿ ಜೋರಾದರೆ ದೋಣಿ ರದ್ದಾಗುವುದೂ ಉಂಟು, ದ್ವೀಪದಲ್ಲಿ ವಿಮಾನ ನಿಲ್ದಾಣ ಇಲ್ಲ. ಹಾಗಾಗಿ ಸಿಮಿಯನ್ನು ಎರಡನೇ ದಿನಕ್ಕೆ ಹಾಕಿಕೊಳ್ಳಿ, ವಾಪಸ್ ವಿಮಾನದ ಹಿಂದಿನ ರಾತ್ರಿಗೆ ಅಲ್ಲ.