ಒಂದೇ ಬಾಗಿಲಿನ ಕಡಲೂರು

ಪ್ರಶ್ನೆ: ಮೇ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಗ್ರೀಸ್‌ಗೆ ಹೋಗುವವಳಿದ್ದೇನೆ. ಮೊನೆಂವಾಸಿಯಾ ಎಂಬ ಹಳೆಯ ಊರನ್ನು ಅಥೆನ್ಸಿನಿಂದ ಒಂದೇ ದಿನದಲ್ಲಿ ನೋಡಿ ಬರಬಹುದೇ? ಅಮ್ಮನಿಗೆ ಮಂಡಿನೋವಿದೆ, ನಾವಿಬ್ಬರೂ ಸಸ್ಯಾಹಾರಿಗಳು.
– ಓದುಗರೊಬ್ಬರು, ಉಡುಪಿ

ಉತ್ತರ: ಒಂದು ದಿನ ಸಾಲದು. ಸುಮಾರು 300 ಕಿ.ಮೀ. ದೂರದ ಈ ಊರಿಗೆ ಕಾರಿನಲ್ಲಿಯೇ ನಾಲ್ಕು ಗಂಟೆ ಬೇಕು, ಬಸ್ಸಿಗೆ ಇನ್ನೂ ಹೆಚ್ಚು. ಎರಡು ರಾತ್ರಿಯಾದರೂ ತಂಗಿ.

ಮೊನೆಂವಾಸಿಯಾ ಇರುವುದು ಗ್ರೀಸಿನ ದಕ್ಷಿಣದ ಪರ್ಯಾಯದ್ವೀಪವಾದ ಪೆಲೊಪೊನೀಸ್‌ನ ಆಗ್ನೇಯ ತೀರದಲ್ಲಿ, ಸಮುದ್ರದಲ್ಲಿ ನಿಂತ ದೊಡ್ಡ ಬಂಡೆಯೊಂದರ ಮೇಲೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಂತೆ ದೋಣಿ ಹತ್ತಬೇಕಾಗಿಲ್ಲ. ಗೆಫಿರಾ ಎಂಬ ದಡದ ಊರಿನಿಂದ ಕಿರಿದಾದ ಸೇತುದಾರಿಯಿದೆ. ಮನೆಗಳೆಲ್ಲ ಬಂಡೆಯ ಆಚೆ ಬದಿಯಲ್ಲಿರುವುದರಿಂದ ದಡದಲ್ಲಿ ನಿಂತವರಿಗೆ ಅಲ್ಲೊಂದು ಊರಿದೆಯೆಂಬುದೇ ತಿಳಿಯುವುದಿಲ್ಲ, ಮತ್ತು ಕಟ್ಟಿದವರಿಗೆ ಬೇಕಾಗಿದ್ದುದೂ ಅದೇ: 6ನೆಯ ಶತಮಾನದಲ್ಲಿ ದಾಳಿಗಳಿಗೆ ಹೆದರಿ ಬಂದ ಒಳನಾಡಿನ ಜನ ಇಲ್ಲಿ ನೆಲೆಸಿದರು. ಊರಿನ ಹೆಸರಿಗೇ ‘ಒಂದೇ ಪ್ರವೇಶ’ ಎಂಬ ಅರ್ಥವಿದೆ. ಬೈಜಾಂಟೈನರ (ಪೂರ್ವ ರೋಮನ್ ಸಾಮ್ರಾಜ್ಯದವರ) ಬಳಿಕ ವೆನಿಸಿನವರು ಇದನ್ನು ಆಳಿದರು, 1540ರಲ್ಲಿ ಆಟೋಮನ್ ತುರ್ಕರು ವಶಪಡಿಸಿಕೊಂಡರು. 1821ರಲ್ಲಿ ಗ್ರೀಕರು ಮರಳಿ ಪಡೆದರು. ಮಾಲ್ವಾಸಿಯಾ ಎಂಬ ಪ್ರಸಿದ್ಧ ದ್ರಾಕ್ಷಾರಸಕ್ಕೆ ಆ ಹೆಸರು ಬಂದದ್ದು ಈ ಬಂದರಿನಿಂದ. ಬಂಡೆಯ ಮೇಲೆ ಬಾವಿ ತೋಡುವಂತಿಲ್ಲವಾದ್ದರಿಂದ ಮಳೆನೀರನ್ನು ಮನೆಯಡಿಯ ಕಮಾನಿನ ತೊಟ್ಟಿಗಳಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. ಅಂಗಳದಲ್ಲೇ ಬಾವಿಯಿರುವ ನಮ್ಮೂರಿನ ನಿಮ್ಮ ತಾಯಿಯವರಿಗೆ ಇದು ಖಂಡಿತ ಕುತೂಹಲ ಹುಟ್ಟಿಸೀತು.

ಕೋಟೆಬಾಗಿಲ ಒಳಗೆ ವಾಹನಗಳಿಲ್ಲ. ಓಣಿಯ ಕಲ್ಲುಗಳು ಸವೆದು ನುಣುಪಾಗಿವೆ; ಮಳೆಗಾಲದಲ್ಲಿ ಪಾಚಿಗಟ್ಟಿದ ನಮ್ಮ ಅಂಗಳದಷ್ಟಲ್ಲದಿದ್ದರೂ ಜಾರುತ್ತವೆ. ಆದುದರಿಂದ ಬಾಗಿಲಿಗೆ ಹತ್ತಿರದ ಕೋಣೆಯನ್ನೇ ಕಾಯ್ದಿರಿಸಿ. ಅಮ್ಮನಿಗೆ ಹಿಡಿತವಿರುವ ಪಾದರಕ್ಷೆಯೂ ಊರುಗೋಲೂ ಇರಲಿ.

ಊಟದ ವಿಷಯದಲ್ಲಿ ‘ನಿಸ್ತಿಸಿಮ’ ಎಂಬ ಪದವನ್ನು ನೆನಪಿಡಿ. ಉಡುಪಿಯ ಚಾತುರ್ಮಾಸ್ಯದ ವ್ರತಗಳಂತೆ ಗ್ರೀಕ್ ಕ್ರೈಸ್ತರಿಗೂ ಉಪವಾಸದ ಅಡುಗೆಯಿದೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸೀಗಡಿ, ಬೊಂಡಾಸಗಳಿಗೆ ಅದರಲ್ಲಿ ನಿಷೇಧವಿಲ್ಲ, ಆದ್ದರಿಂದ ಕೇಳಿಯೇ ತರಿಸಿಕೊಳ್ಳಿ. ಟೊಮೆಟೊ ಹಾಕಿ ಬೇಯಿಸಿದ ದೊಡ್ಡ ಬಿಳಿ ಅವರೆಯಂಥ ‘ಗಿಗಾಂದೆಸ್’, ನಿಂಬೆರಸ ಹಿಂಡಿದ ಬೇಯಿಸಿದ ಸೊಪ್ಪು ‘ಹೋರ್ತಾ’ ನಿಮಗೆ ಹಿತವಾದಾವು.

ಬಂಡೆಯ ಅಂಚಿನಲ್ಲಿರುವ ಅಗಿಯಾ ಸೋಫಿಯಾ ಇಗರ್ಜಿಗೆ ಕಡಿದಾದ ಮೆಟ್ಟಿಲುದಾರಿ. ಅಲ್ಲಿಗೆ ಅಮ್ಮನನ್ನು ಕರೆದೊಯ್ಯಬೇಡಿ. ಬಿಸಿಲೇರುವ ಮೊದಲು ನೀವೊಬ್ಬರೇ ಹತ್ತಿ ಬನ್ನಿ. ಅಷ್ಟು ಹೊತ್ತು ಅವರು ಕೆಳಗಿನ ಚೌಕದಲ್ಲಿ, ಹಳೆಯ ಫಿರಂಗಿಯ ಪಕ್ಕ, ಕಡಲು ನೋಡುತ್ತ ಕುಳಿತಿರಲಿ.