ಇ-ಇಂಕ್ ಮಾನಿಟರ್‌ನಲ್ಲಿ ಟರ್ಮಿನಲ್ ಅಕ್ಷರಗಳು ಮಾಯವಾಗುತ್ತಿವೆ. ಟರ್ಮ್ ಅನ್ನು ವಿಟಿ100 ಎಂದು ಬದಲಿಸಿದರೆ ಸರಿಹೋಗುತ್ತಾ?

ಬೇಡ, ಸದ್ಯಕ್ಕೆ ಟರ್ಮ್ ತಂಟೆಗೆ ಹೋಗಬೇಡಿ. ಲ್ಯಾಪ್‌ಟಾಪ್‌ನ ಬಣ್ಣದ ಪರದೆಯಲ್ಲಿ ಎಲ್ಲ ಚೆನ್ನಾಗಿದೆ, ಅದೇ ಕಿಟಕಿಯನ್ನು ಕಪ್ಪು-ಬಿಳುಪು ಮಾನಿಟರ್‌ಗೆ ಎಳೆದರೆ ಡೈರೆಕ್ಟರಿ ಹೆಸರುಗಳು ಕಾಣುವುದೇ ಇಲ್ಲ ಅಂದಿದ್ದೀರಿ. ಇದು ಪ್ಯಾಲೆಟ್, ಅಂದರೆ ಟರ್ಮಿನಲ್ ಬಳಸುವ ಬಣ್ಣಗಳ ಪಟ್ಟಿಯ ತೊಂದರೆ. ಟರ್ಮ್ ಅನ್ನೋ ವೇರಿಯಬಲ್‌ಗೆ ನಿಮ್ಮ ಮಾನಿಟರ್ ಯಾವುದು ಅಂತ ಗೊತ್ತೇ ಇರುವುದಿಲ್ಲ. ಎಮ್ಯುಲೇಟರ್‌ಗೆ (ಟರ್ಮಿನಲ್ ಕಿಟಕಿಯನ್ನು ತೋರಿಸುವ ಪ್ರೋಗ್ರಾಮ್‌ಗೆ) ಯಾವ ಸಂಕೇತಗಳು ಅರ್ಥವಾಗುತ್ತವೆ, ಯಾವ ಕೀಲಿ ಒತ್ತಿದರೆ ಏನು ಬರುತ್ತದೆ ಅನ್ನೋದನ್ನಷ್ಟೇ ಅದು ಪ್ರೋಗ್ರಾಮ್‌ಗಳಿಗೆ ಹೇಳುತ್ತದೆ.

ವಿಟಿ100 ಎಂದರೆ ಡಿಇಸಿ ಕಂಪನಿ 1978ರಲ್ಲಿ ತಂದ ಟರ್ಮಿನಲ್. ಅದರಲ್ಲಿ ಬಣ್ಣ ಇರಲಿಲ್ಲ, ನಿಜ. ಆದರೆ ಆ ಹೆಸರು ಕೊಟ್ಟರೆ ಬಣ್ಣದ ಜೊತೆಗೆ ಡಿಲೀಟ್‌ನಂಥ ಕೀಲಿಗಳೂ ಇಲ್ಲವೆಂದು ಪ್ರೋಗ್ರಾಮ್‌ಗಳು ನಂಬಿಬಿಡುತ್ತವೆ. ಆಮೇಲೆ ಕೀಲಿ ಯಾಕೆ ಕೆಲಸ ಮಾಡ್ತಿಲ್ಲ ಅಂತ ಇನ್ನೊಂದು ಪ್ರಶ್ನೆ ಹಾಕಬೇಕಾಗುತ್ತದೆ. ಟರ್ಮ್ ಮೂಲಕವೇ ಬಣ್ಣ ತೆಗೆಯಬೇಕು ಎಂಬ ಹಟವಿದ್ದರೆ ಎಕ್ಸ್‌ಟರ್ಮ್-ಮೊನೊ ಎಂಬ ಹೆಸರು ಟರ್ಮ್‌ಇನ್ಫೋದಲ್ಲಿ, ಅಂದರೆ ಯಾವ ಟರ್ಮಿನಲ್‌ಗೆ ಏನೇನು ಬರುತ್ತದೆ ಎಂದು ಬರೆದಿಟ್ಟ ಸಂಗ್ರಹದಲ್ಲಿ ಇದೆ. ಎಕ್ಸ್‌ಟರ್ಮ್ ಎಂಬ ಎಮ್ಯುಲೇಟರ್‌ನದೇ ವಿವರ, ಬಣ್ಣ ಮಾತ್ರ ಕಿತ್ತುಹಾಕಿದ್ದಾರೆ. ಎಷ್ಟು ಬಣ್ಣ ಇವೆ ಎಂದು ಹೇಳುವ ಟಿಪುಟ್ ಕಲರ್ಸ್ ಆದೇಶ ಕೊಟ್ಟು ನೋಡಿ: ಎಕ್ಸ್‌ಟರ್ಮ್-256ಕಲರ್ ಇದ್ದಾಗ 256 ಬರುತ್ತದೆ, ಮೊನೊ ಇದ್ದಾಗ -1, ಅಂದರೆ ಬಣ್ಣವಿಲ್ಲ.

ಅಷ್ಟು ಮಾಡಿದರೂ ಪೂರ್ತಿ ಪ್ರಯೋಜನವಿಲ್ಲ. ಈಗಿನ ಎಷ್ಟೋ ಪ್ರೋಗ್ರಾಮ್‌ಗಳು ಟರ್ಮ್‌ಇನ್ಫೋ ಕಡೆ ತಿರುಗಿಯೂ ನೋಡುವುದಿಲ್ಲ. ಔಟ್‌ಪುಟ್ ಹೋಗುತ್ತಿರುವುದು ಟರ್ಮಿನಲ್‌ಗೆ ತಾನೇ ಎಂದು ಖಾತ್ರಿ ಮಾಡಿಕೊಂಡು ಬಣ್ಣದ ಸಂಕೇತಗಳನ್ನು ಸೀದಾ ಕಳಿಸಿಬಿಡುತ್ತವೆ.

ಹೆಸರುಗಳು ಯಾಕೆ ಮಾಯವಾಗುತ್ತವೆ ಅನ್ನೋದು ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ. ಬಣ್ಣವನ್ನು ಬೂದುಛಾಯೆಗೆ ಇಳಿಸುವಾಗ ಮೂರೂ ಬಣ್ಣಕ್ಕೆ ಸಮಪಾಲು ಸಿಗುವುದಿಲ್ಲ. ಸಾಮಾನ್ಯವಾಗಿ ಬಳಸುವ ಒಂದು ಲೆಕ್ಕದಲ್ಲಿ ಹಸಿರಿಗೆ ಸುಮಾರು 72%, ಕೆಂಪಿಗೆ 21%, ನೀಲಿಗೆ ಬರೀ 7%. ಅಂದರೆ ಅಚ್ಚ ನೀಲಿ ಹೆಚ್ಚುಕಡಿಮೆ ಕಪ್ಪೇ ಆಗುತ್ತದೆ. ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಆದೇಶ ಡೈರೆಕ್ಟರಿಗಳಿಗೆ ಮಾಮೂಲಾಗಿ ಕೊಡುವ ಸಂಕೇತ 01;34. ಇದರಲ್ಲಿ 01 ಎಂದರೆ ಬೋಲ್ಡ್, 34 ಎಂದರೆ ನೀಲಿ. ಕಪ್ಪು ಹಿನ್ನೆಲೆಯ ಮೇಲೆ ನೀಲಿ ಬರೆದರೆ ಇ-ಇಂಕ್‌ನಲ್ಲಿ ಇನ್ನೇನು ಕಾಣುತ್ತೆ ಹೇಳಿ! ಹಾಗಂತ ಸುಮ್ನೆ ಹಿನ್ನೆಲೆಯನ್ನು ಬಿಳಿ ಮಾಡಿದರೆ ನೀಲಿ ಎದ್ದು ಕಾಣುತ್ತದೆ, ಹಳದಿ ಮುಳುಗುತ್ತದೆ. ಹಳದಿ ಎಂದರೆ ಕೆಂಪು ಮತ್ತು ಹಸಿರು ಸೇರಿದ್ದು, 93% ಬೆಳಕು.

ಆದ್ದರಿಂದ ನಾನು ಮಾಡುವುದು ಹೀಗೆ. ಎಮ್ಯುಲೇಟರ್‌ನಲ್ಲಿ ಎರಡು ಪ್ರೊಫೈಲ್ ಇಟ್ಟುಕೊಂಡಿದ್ದೇನೆ. ಒಂದು ಬಣ್ಣದ್ದು, ಅದನ್ನು ಮುಟ್ಟುವುದಿಲ್ಲ. ಇನ್ನೊಂದರಲ್ಲಿ ಹಿನ್ನೆಲೆ ಅಚ್ಚ ಬಿಳಿ, ಅಕ್ಷರ ಅಚ್ಚ ಕಪ್ಪು. ಪ್ಯಾಲೆಟ್‌ನ 16 ಬಣ್ಣಗಳಲ್ಲಿ ಎರಡು ಬಿಳಿಗಳನ್ನು ತಿಳಿ ಬೂದಿಯಾಗಿಯೇ ಬಿಟ್ಟು ಉಳಿದವೆಲ್ಲ ಕಪ್ಪು. ಎರಡನ್ನು ಬಿಡುವುದಕ್ಕೆ ಕಾರಣವಿದೆ. ಕೆಲವು ಪ್ರೋಗ್ರಾಮ್‌ಗಳು ಬಣ್ಣದ ಪಟ್ಟಿಯ ಮೇಲೆ ಬಿಳಿ ಅಕ್ಷರ ಬರೆಯುತ್ತವೆ. ಎಲ್ಲವನ್ನೂ ಕಪ್ಪು ಮಾಡಿದರೆ ಆ ಪಟ್ಟಿಯಲ್ಲಿ ಏನಿದೆ ಅಂತ ಓದಲಾಗುವುದಿಲ್ಲ. ಬೋಲ್ಡ್ ಅಕ್ಷರವನ್ನು ಹೊಳಪು ಬಣ್ಣದಲ್ಲಿ ತೋರಿಸುವ ಆಯ್ಕೆ ತುಂಬ ಎಮ್ಯುಲೇಟರ್‌ಗಳಲ್ಲಿ ಇರುತ್ತದೆ. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಬೋಲ್ಡ್ ಆಗಬೇಕಾದ ಅಕ್ಷರ ಪೇಲವವಾಗಬಹುದು. ಮಿನುಗುವ ಕರ್ಸರ್ ಕೂಡ ಬೇಡ, ಇ-ಇಂಕ್ ಪ್ರತಿ ಮಿನುಗಿಗೂ ಆ ಜಾಗವನ್ನು ಮತ್ತೆ ಬರೆಯಬೇಕಾಗುತ್ತದೆ. ಅಲುಗಾಡದ ಚೌಕ ಕರ್ಸರ್ ಸಾಕು.

ಬಣ್ಣ ಹೋದ ಮೇಲೆ ವ್ಯತ್ಯಾಸ ತೋರಿಸಲು ಉಳಿಯುವುದು ಬೋಲ್ಡ್, ಅಂಡರ್‌ಲೈನ್, ರಿವರ್ಸ್ (ಅಕ್ಷರ, ಹಿನ್ನೆಲೆಗಳ ಬಣ್ಣ ಅದಲುಬದಲು). ಇವುಗಳ ಸಂಕೇತ 1, 4, 7. ಎಲ್‌ಎಸ್_ಕಲರ್ಸ್ ವೇರಿಯಬಲ್‌ನಲ್ಲಿ ಡೈರೆಕ್ಟರಿಗೆ 01;34 ಬದಲು ಬರೀ 01, ಸಿಂಬಾಲಿಕ್ ಲಿಂಕ್‌ಗೆ (ಬೇರೆ ಫೈಲ್ ಅನ್ನು ತೋರಿಸುವ ಕೊಂಡಿಗೆ) 04 ಎಂದು ಕೊಟ್ಟರೆ ಆಯಿತು. ಅದೂ ರಗಳೆ ಅನಿಸಿದರೆ ಎಲ್‌ಎಸ್‌ಗೆ ದೊಡ್ಡ ಎಫ್ ಆಯ್ಕೆ ಕೊಡಿ. ಡೈರೆಕ್ಟರಿಯ ಕೊನೆಗೆ ಓರೆಗೆರೆ, ಓಡಿಸಬಲ್ಲ ಫೈಲ್‌ನ ಕೊನೆಗೆ ನಕ್ಷತ್ರ ಚಿಹ್ನೆ ತಾನಾಗಿಯೇ ಬರುತ್ತದೆ.

ಇಷ್ಟು ಮಾಡಿದ ಮೇಲೂ ಅಲ್ಲಲ್ಲಿ ತಿಳಿ ಅಕ್ಷರ ಉಳಿದಿದ್ದರೆ ಅದು 256 ಬಣ್ಣದ ಕಾಟ. ಪ್ರೊಫೈಲ್‌ನಲ್ಲಿ ನೀವು ಬದಲಿಸುವುದು ಸಾಮಾನ್ಯವಾಗಿ ಮೊದಲ 16 ಮಾತ್ರ. ಅವುಗಳ ಆಚೆ 216 ಬಣ್ಣಗಳು, 24 ಬೂದುಛಾಯೆಗಳು ಇವೆ, ಅವು ಇದ್ದಲ್ಲೇ ಇರುತ್ತವೆ. ಟ್ರೂಕಲರ್ ಅಂತೂ ಪ್ಯಾಲೆಟ್ ಅನ್ನು ಕೇಳುವುದೇ ಇಲ್ಲ, ಕೆಂಪು-ಹಸಿರು-ನೀಲಿ ಅಂಕಿಗಳನ್ನು ನೇರವಾಗಿ ಕೊಡುತ್ತದೆ. ಇಂಥ ಪ್ರೋಗ್ರಾಮ್‌ಗಳನ್ನು ಒಂದೊಂದಾಗಿ ಹಿಡಿಯಬೇಕು. ನೋ_ಕಲರ್ ಎಂಬ ವೇರಿಯಬಲ್‌ಗೆ 1 ಎಂದು ಕೊಟ್ಟರೆ ಬಹಳಷ್ಟು ಹೊಸ ಪ್ರೋಗ್ರಾಮ್‌ಗಳು ಮಾತು ಕೇಳುತ್ತವೆ. ಎರಡನೇ ಪ್ರೊಫೈಲ್‌ನಿಂದ ಶುರುವಾಗುವ ಶೆಲ್‌ನಲ್ಲಿ (ನೀವು ಕೊಡುವ ಆದೇಶಗಳನ್ನು ನಡೆಸುವ ಪ್ರೋಗ್ರಾಮ್‌ನಲ್ಲಿ) ಮಾತ್ರ ಅದನ್ನು ಇಡಿ. ವಿಮ್ ಎಂಬ ಎಡಿಟರ್‌ನಲ್ಲಿ ಟರ್ಮ್‌ಗುಯಿಕಲರ್ಸ್ (ಟ್ರೂಕಲರ್ ಆಯ್ಕೆ) ಆಫ್ ಮಾಡಿ, ಟಿ_ಸಿಒ (ಬಣ್ಣಗಳ ಸಂಖ್ಯೆ) ಬೆಲೆಯನ್ನು 0 ಮಾಡಿ. ಆಗ ವಿಮ್ ಬಣ್ಣ ಬಿಟ್ಟು ಬೋಲ್ಡ್, ಅಂಡರ್‌ಲೈನ್‌ಗಳಲ್ಲೇ ಕೋಡ್ ತೋರಿಸುತ್ತದೆ. ನನ್ನ ಕಣ್ಣಿಗೆ ಅದು ಅರ್ಧಕ್ಕರ್ಧ ಬಣ್ಣದ ಥೀಮ್‌ಗಳಿಗಿಂತ ಚೆನ್ನಾಗಿದೆ!

ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಶೆಲ್‌ಗಳನ್ನು ನಡೆಸುವ ಪ್ರೋಗ್ರಾಮ್) ಬಳಸುವವರಾದರೆ ಅದರ ಒಳಗೆ ಟರ್ಮ್ ಬೆಲೆ ಟಿಮಕ್ಸ್-256ಕಲರ್ ಅಥವಾ ಸ್ಕ್ರೀನ್-256ಕಲರ್ ಎಂದೇ ಇರಲಿ. ಶೆಲ್‌ನ ಸ್ಟಾರ್ಟಪ್ ಫೈಲ್‌ನಲ್ಲಿ ಎಲ್ಲಾದರೂ ಎಕ್ಸ್‌ಟರ್ಮ್ ಎಂದು ಒತ್ತಾಯವಾಗಿ ಬರೆದಿದ್ದರೆ ಆ ಸಾಲನ್ನು ಅಳಿಸಿ. ಎರಡು ಪರದೆಗಳ ಗಲಾಟೆಗೆ ಎಷ್ಟೋ ಸಲ ಅದೂ ಸೇರಿಕೊಂಡಿರುತ್ತದೆ.