ಕಡಲಹುಲ್ಲಿನ ಬಯಲುಗಳಲ್ಲಿರುವ ಇಂಗಾಲವನ್ನು ಅಳೆಯುವುದು ಹೇಗೆ, ಅದರಿಂದ ಕರಾವಳಿ ಸಂರಕ್ಷಣೆಗೆ ಹಣ ಬರುವುದು ಹೇಗೆ?

ಅಳೆಯಬೇಕಾದದ್ದು ಮುಖ್ಯವಾಗಿ ಹುಲ್ಲನ್ನಲ್ಲ, ಅದರ ಬುಡದ ಕೆಸರನ್ನು. ಎಲೆಗಳು ನೀರಿನ ವೇಗವನ್ನು ತಗ್ಗಿಸುವುದರಿಂದ ತೇಲಿಬಂದ ಸಾವಯವ ಕಣಗಳು ಅಲ್ಲೇ ತಂಗುತ್ತವೆ. ಕೆಸರಿನೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿರುವ ಕಾರಣ ಅವು, ಸತ್ತ ಬೇರುಗಳೊಂದಿಗೆ, ಪೂರ್ತಿ ಕೊಳೆಯದೆ ಶತಮಾನಗಳವರೆಗೂ ಉಳಿಯಬಲ್ಲವು. ಮುಳುಗುಗಾರರು ಸಾಧ್ಯವಾದಲ್ಲಿ 1 ಮೀಟರ್ ಆಳದವರೆಗೆ ಕೊಳವೆಯೊಂದನ್ನು ಬಡಿದಿಳಿಸಿ ಮಣ್ಣಿನ ಕಂಬವನ್ನು ಮೇಲೆತ್ತುತ್ತಾರೆ. ಅದನ್ನು ಬಿಲ್ಲೆಗಳಾಗಿ ಕತ್ತರಿಸಿ, ಒಣಗಿಸಿ, ತೂಗಿ, ಇಂಗಾಲದ ಪಾಲನ್ನು ಪ್ರಯೋಗಾಲಯದಲ್ಲಿ ಕಂಡುಕೊಳ್ಳಲಾಗುತ್ತದೆ. (ಚಿಪ್ಪಿನ ಚೂರುಗಳನ್ನು ಮೊದಲು ಆಮ್ಲದಲ್ಲಿ ಕರಗಿಸದಿದ್ದರೆ ಲೆಕ್ಕ ಸುಮ್ಮನೆ ಉಬ್ಬುತ್ತದೆ.) ಹೀಗೆ ಸಿಕ್ಕ ಇಂಗಾಲದ ಲೆಕ್ಕವನ್ನು ಬಯಲಿನ ಒಟ್ಟು ವಿಸ್ತೀರ್ಣಕ್ಕೆ ಅನ್ವಯಿಸಿ 44/12ರಿಂದ (ಇಂಗಾಲದ ಡೈಆಕ್ಸೈಡ್ ಅಣುವಿನ ತೂಕಕ್ಕೂ ಅದರಲ್ಲಿರುವ ಇಂಗಾಲದ ತೂಕಕ್ಕೂ ಇರುವ ಅನುಪಾತ) ಗುಣಿಸಿದರೆ ಇಂಗಾಲದ ಡೈಆಕ್ಸೈಡ್‌ನ ಪ್ರಮಾಣ ಸಿಗುತ್ತದೆ. ಆದರೆ ಇಡೀ ದಾಸ್ತಾನಿಗೆ ಹಣ ಬರುವುದಿಲ್ಲ: ಸಂರಕ್ಷಣೆಯಿಂದಲೇ ಹೆಚ್ಚುವರಿಯಾಗಿ ಸೇರಿದ ಅಥವಾ ಹೊರಹೋಗದೆ ಉಳಿದ ಪ್ರತಿ 1 ಟನ್ ಇಂಗಾಲದ ಡೈಆಕ್ಸೈಡ್‌ಗಷ್ಟೇ ಒಂದು ಕಾರ್ಬನ್ ಕ್ರೆಡಿಟ್, ಅಂದರೆ ಮಾರಬಹುದಾದ ಪ್ರಮಾಣಪತ್ರ, ದೊರೆಯುತ್ತದೆ.